ವೆನಿಲ್ಲಾ ಪರ್ಫ್ಯೂಮ್: ಮಲೆನಾಡಿನ ಗೆಳತಿಯರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಕಪಾಟಿನಲ್ಲಿ ಪರ್ಫ್ಯೂಮ್ ಬಾಟಲಿಗಳು ಸ್ವಲ್ಪ ಜಾಸ್ತಿಯೇ ಇವೆ ಅನ್ನುವುದು ನೆಂಟರಿಷ್ಟರಿಗೆಲ್ಲ ಗೊತ್ತಾಗಿಹೋಗಿದೆ. ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದಾಗಲೂ ಯಾರಾದರೂ ಪಕ್ಕಕ್ಕೆ ವಾಲಿ, "ಎಂಥದೇ ಅದು ಹಾಕಿಕೊಂಡಿದ್ದು?" ಅಂತ ಕೇಳುತ್ತಾರೆ. ಅದರಲ್ಲೂ ವೆನಿಲ್ಲಾ ಬಗ್ಗೆ ಕೇಳುವವರೇ ಹೆಚ್ಚು. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ, ಈಗಿರುವುದು ಶಿವಮೊಗ್ಗ ಪೇಟೆಯಲ್ಲಿ. ಹಾಗಾಗಿ ಇಲ್ಲಿ ಪ್ಯಾರಿಸ್ಸಿಗಿಂತ ಮಳೆ, ಹೊಗೆ, ಬಸ್ಸಿನ ಮಾತೇ ಜಾಸ್ತಿ.

ವೆನಿಲ್ಲಾ ಅಂದರೆ ಐಸ್‌ಕ್ರೀಮ್ ವಾಸನೆ ತಾನೆ?

ನಮಗೆ ವೆನಿಲ್ಲಾ ಪರಿಚಯವಾಗಿದ್ದೇ ಐಸ್‌ಕ್ರೀಮ್, ಕಸ್ಟರ್ಡ್ ಪುಡಿ, ಬೇಕರಿ ಕೇಕಿನಿಂದ. ಅದು ಹಾಲು-ಸಕ್ಕರೆಯ ಜೊತೆ ಸೇರಿದ ವೆನಿಲ್ಲಾ. ಚೆನ್ನಾಗಿ ಹದ ಮಾಡಿದ ಒಂದು ವೆನಿಲ್ಲಾ ಕೋಡನ್ನು ಮೂಗಿನ ಹತ್ತಿರ ಹಿಡಿದು ನೋಡಿ. ಒಣದ್ರಾಕ್ಷಿ, ಹಳೇ ಮರದ ಪೆಟ್ಟಿಗೆ, ಸ್ವಲ್ಪ ಹೊಗೆಸೊಪ್ಪು, ತಳ ಹಿಡಿಯುವ ಹೊತ್ತಿನ ಬೆಲ್ಲದ ಪಾಕ, ಎಲ್ಲ ಒಟ್ಟಿಗೆ ಬರುತ್ತವೆ. ಸಿಹಿ ಇದೆ, ಆದರೆ ಅದು ಸಕ್ಕರೆಯ ಸಿಹಿ ಅಲ್ಲ, ಜೋನಿ ಬೆಲ್ಲದ ಸಿಹಿ.

ಇನ್ನೊಂದು ಗುರುತು ಹೇಳುತ್ತೇನೆ. ಕೂಸಿಗೆ ಎಣ್ಣೆ-ನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದ ಮೇಲೆ ಅದರ ನೆತ್ತಿ ಮೂಸುತ್ತೇವಲ್ಲ, ಆ ಪರಿಮಳದಲ್ಲಿ ವೆನಿಲ್ಲಾದ ನೆಂಟಸ್ತಿಕೆ ಇದೆ. ಸಾಂಬ್ರಾಣಿ ಮರದ ಅಂಟಿನಲ್ಲಿ ವೆನಿಲ್ಲಿನ್ ಇರುತ್ತದೆ. ವೆನಿಲ್ಲಾಕ್ಕೆ ಅದರ ಮುಖ್ಯ ಪರಿಮಳ ಕೊಡುವುದೂ ಇದೇ ವೆನಿಲ್ಲಿನ್. ಹಳೇ ಪುಸ್ತಕದ ಹಾಳೆಯಲ್ಲಿ ತೆಳ್ಳಗೆ ಬರುವ ಸಿಹಿ ವಾಸನೆಗೂ ಸ್ವಲ್ಪ ಮಟ್ಟಿಗೆ ಇದೇ ಕಾರಣ. ಹಾಗಾಗಿ "ಇದು ನಮಗೆ ಹೊಸದು" ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ನಮ್ಮ ತೋಟದಲ್ಲೂ ವೆನಿಲ್ಲಾ ಬಳ್ಳಿ ಇತ್ತು. ಅದಕ್ಕೆ ಪರಿಮಳವೇ ಇರಲಿಲ್ಲವಲ್ಲ?

ಈ ಪ್ರಶ್ನೆ ಮಲೆನಾಡಿನಲ್ಲಿ ಮಾತ್ರ ಬರಲು ಸಾಧ್ಯ ಅನ್ನಿಸುತ್ತದೆ. ಹೌದು, ಹಸಿ ಕೋಡಿಗೆ ಪರಿಮಳ ಇಲ್ಲ. ಮುರಿದರೆ ಹುರುಳಿಕಾಯಿ ಮುರಿದ ಹಾಗೆ ಹಸಿರು ವಾಸನೆ, ಅಷ್ಟೇ.

ವೆನಿಲ್ಲಾ ಒಂದು ಆರ್ಕಿಡ್ ಬಳ್ಳಿ. ಮೂಲ ಮೆಕ್ಸಿಕೋ ಕಡೆಯದು. ಹೂವು ಬೆಳಿಗ್ಗೆ ಅರಳಿ ಅದೇ ದಿನ ಬಾಡುತ್ತದೆ. ನಮ್ಮಲ್ಲಿ ಅದಕ್ಕೆ ಪರಾಗಸ್ಪರ್ಶ ಮಾಡುವ ಹುಳ ಇಲ್ಲ. ಅದಕ್ಕೇ ನಮ್ಮ ಅಮ್ಮಂದಿರು, ಅತ್ತೆಯರು ತಿಂಡಿ ಕೆಲಸ ಬೇಗ ಮುಗಿಸಿ, ಸಣ್ಣ ಕಡ್ಡಿ ಹಿಡಿದು ತೋಟಕ್ಕೆ ಓಡುತ್ತಿದ್ದದ್ದು. ಹೂವಿನೊಳಗಿನ ತೆಳು ಪೊರೆಯನ್ನು ಕಡ್ಡಿಯಿಂದ ಎತ್ತಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತುವುದು. ಈ ಉಪಾಯ ಕಂಡುಹಿಡಿದವನು ಎಡ್ಮಂಡ್ ಆಲ್ಬಿಯಸ್, ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ. ಅದು 1841ರಲ್ಲಿ. ನಮ್ಮ ತೋಟದ ಹೆಂಗಸರು ಮಾಡಿದ್ದು ಹೆಚ್ಚುಕಡಿಮೆ ಅವನ ಕೈಚಳಕವನ್ನೇ.

ಕೋಡು ಬಲಿಯಲು ಸುಮಾರು 9 ತಿಂಗಳು. ಪರಿಮಳದ ಕೆಲಸ ಶುರುವಾಗುವುದು ಆಮೇಲೆ. ಕೊಯ್ದ ಕೋಡನ್ನು 63ರಿಂದ 65 ಡಿಗ್ರಿ ಬಿಸಿಯ ನೀರಲ್ಲಿ ಮೂರು ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸುತ್ತಾರೆ. ದಿನಾ ಸ್ವಲ್ಪ ಹೊತ್ತು ಬಿಸಿಲು, ಆಮೇಲೆ ನೆರಳು, ಆಮೇಲೆ ತಿಂಗಳುಗಟ್ಟಲೆ ಪೆಟ್ಟಿಗೆ. ಆಗ ಒಳಗೆ ಅಡಗಿದ್ದ ವೆನಿಲ್ಲಿನ್ ಬಿಡುಗಡೆಯಾಗಿ, ಕೋಡು ಚಾಕಲೇಟ್ ಬಣ್ಣಕ್ಕೆ ತಿರುಗುತ್ತದೆ. ಐದಾರು ಕಿಲೋ ಹಸಿ ಕೋಡಿಗೆ ಒಂದು ಕಿಲೋ ಒಣಗಿದ್ದು. ನಮ್ಮ ಮನೆಯಲ್ಲಿ ಹಸಿಯದನ್ನೇ ಮಾರಿಬಿಡುತ್ತಿದ್ದೆವು. ಹಾಗಾಗಿ ಬೆಳೆದವರಿಗೇ ಅದರ ಪರಿಮಳ ಗೊತ್ತಾಗಲಿಲ್ಲ.

2000ದಲ್ಲಿ ಹುದಾ ಚಂಡಮಾರುತ ಮಡಗಾಸ್ಕರ್ ದ್ವೀಪದ ವೆನಿಲ್ಲಾ ಸೀಮೆಗೆ ಬಡಿಯಿತು. ಅಲ್ಲಿ ಬೆಳೆ ಹೋಗಿ ಇಲ್ಲಿ ರೇಟು ಏರಿತು. 2003ರ ಹೊತ್ತಿಗೆ ಹಸಿ ಕೋಡು ಕಿಲೋಗೆ ಮೂರು ಸಾವಿರ ರೂಪಾಯಿ ದಾಟಿತ್ತು. ರಾತ್ರಿ ಟಾರ್ಚು, ನಾಯಿ ಇಟ್ಟುಕೊಂಡು ಬಳ್ಳಿ ಕಾದವರಿದ್ದರು. ಎರಡು-ಮೂರು ವರ್ಷದಲ್ಲಿ ರೇಟು ನೆಲಕ್ಕೆ ಬಿತ್ತು. ಆಮೇಲೆ ಸೊರಗು ರೋಗವೂ ಬಂದು, ಬಳ್ಳಿ ಕಿತ್ತು ಗುಂಡಿಗೆ ಹಾಕಿದರು. ಅದಕ್ಕೇ ನಮ್ಮ ಕಡೆ ಹಿರಿಯರ ಎದುರು "ವೆನಿಲ್ಲಾ" ಅಂದರೆ ಪರಿಮಳ ನೆನಪಾಗುವುದಿಲ್ಲ, ಸೊಸೈಟಿ ಸಾಲ ನೆನಪಾಗುತ್ತದೆ.

ಬಾಟಲಿಯಲ್ಲಿ ಇರುವುದು ನಿಜವಾದ ವೆನಿಲ್ಲಾನಾ?

ಹೆಚ್ಚಿನವುಗಳಲ್ಲಿ ಅಲ್ಲ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಕಾದ್ದೂ ಇಲ್ಲ. ಜಗತ್ತಿನಲ್ಲಿ ಬಳಸುವ ವೆನಿಲ್ಲಿನ್‌ನಲ್ಲಿ ಕೋಡಿನಿಂದ ಬರುವುದು ನೂರಕ್ಕೆ ಒಂದು ಪಾಲೂ ಇಲ್ಲ. ಮೊದಲು ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1874ರಲ್ಲಿ, ಜರ್ಮನಿಯ ಟೀಮನ್ ಮತ್ತು ಹಾರ್ಮನ್. ಪೈನ್ ಜಾತಿಯ ಮರದ ರಸದ ಒಂದು ಅಂಶದಿಂದ.

ಪರ್ಫ್ಯೂಮಿನ ಇತಿಹಾಸ ತಿರುಗಿದ್ದೇ ಅಲ್ಲಿಂದ. 1889ರಲ್ಲಿ ಫ್ರಾನ್ಸಿನ ಗೆರ್ಲಾಂ ಮನೆತನದ 'ಜಿಕಿ' ಬಂತು. ಅದರಲ್ಲಿ ಈ ಹೊಸ ವೆನಿಲ್ಲಿನ್ ಬಳಸಿದ್ದರು. 1925ರಲ್ಲಿ ಅದೇ ಮನೆತನದ 'ಶಾಲಿಮಾರ್' ಬಂತು. ಷಹಜಹಾನ್-ಮುಮ್ತಾಜ್ ಕಥೆ ನೆನೆದು ಇಟ್ಟ ತೋಟದ ಹೆಸರು. ಅದರಲ್ಲಿರುವುದು ಈಥೈಲ್ ವೆನಿಲ್ಲಿನ್, ಮಾಮೂಲಿ ವೆನಿಲ್ಲಿನ್‌ಗಿಂತ ಮೂರು ಪಟ್ಟು ಜೋರು.

ಬರೀ ವೆನಿಲ್ಲಿನ್ ಆದರೆ ಬೇಕರಿ ವಾಸನೆ. ನಿಜವಾದ ಕೋಡಿನ ಸಾರದಲ್ಲಿ ನೂರಾರು ಅಂಶಗಳಿವೆ, ಹೊಗೆ-ಮರದ ಆಳ ಬರುವುದು ಅವುಗಳಿಂದ. ಒಳ್ಳೆಯ ಪರ್ಫ್ಯೂಮುಗಳಲ್ಲಿ ಎರಡನ್ನೂ ಬೆರೆಸುತ್ತಾರೆ, ಜೊತೆಗೆ ಸಾಂಬ್ರಾಣಿ, ಟೊಂಕಾ ಅನ್ನುವ ಪರಿಮಳದ ಬೀಜ, ಗಂಧ ಸೇರಿಸಿ ಆ ಆಳ ತರುತ್ತಾರೆ. ಮೂಗಿಗೆ ಹಿಡಿಸಿದರೆ ಸಾಕು. ಹಿತ್ತಲಲ್ಲಿ ಬೆಳೆದದ್ದಾ, ಕಾರ್ಖಾನೆಯದಾ ಅಂತ ಕೇಳುತ್ತಾ ಕೂರಬೇಡಿ.

ಅಂಗಡಿಯಲ್ಲಿ ಮೂಸಿದಾಗ ಒಂದು ತರ, ಮನೆಗೆ ಬಂದ ಮೇಲೆ ಇನ್ನೊಂದು ತರ. ಮೋಸ ಹೋದೆನಾ?

ಇಲ್ಲ, ಅವಸರ ಮಾಡಿದಿರಿ. ಪರ್ಫ್ಯೂಮ್ ಮೂರು ಹಂತದಲ್ಲಿ ಬಿಚ್ಚಿಕೊಳ್ಳುತ್ತದೆ. ಮೊದಲ ಕಾಲು ಗಂಟೆ ನಿಂಬೆ, ಕಿತ್ತಳೆ ತರದ್ದು ಕುಣಿಯುತ್ತದೆ. ಆಮೇಲೆ ಹೂವುಗಳು. ವೆನಿಲ್ಲಾ ತಳದಲ್ಲಿ ಕೂತಿರುತ್ತದೆ. ಅದು ಭಾರದ ಅಂಶ, ನಿಧಾನಕ್ಕೆ ಆವಿಯಾಗುತ್ತದೆ. ಗಂಟೆ-ಎರಡು ಗಂಟೆ ಕಳೆದ ಮೇಲೆ ಅದರ ನಿಜವಾದ ಮುಖ ಕಾಣುವುದು.

ಹಾಗಾಗಿ ಕಾಗದದ ಪಟ್ಟಿ ಮೂಸಿ ದುಡ್ಡು ಕೊಡಬೇಡಿ. ಒಂದು ಮಣಿಕಟ್ಟಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಹಾಕಿಸಿಕೊಂಡು ಹೊರಗೆ ಬನ್ನಿ. ಗಾಂಧಿ ಬಜಾರಿನಲ್ಲಿ ಸಾಮಾನು ತಗೊಳ್ಳಿ, ಎಲ್ಲಾದರೂ ಕೂತು ಮಸಾಲೆ ದೋಸೆ ತಿನ್ನಿ, ಬಸ್ಸು ಹತ್ತಿ ಮನೆಗೆ ಹೋಗಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಾವ ಕೈ ಮತ್ತೆ ಮತ್ತೆ ಮೂಗಿನ ಹತ್ತಿರ ಹೋಗುತ್ತದೋ ಅದನ್ನು ಕೊಳ್ಳಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮಧ್ಯೆ ಕಾಫಿ ಬೀಜ ಮೂಸಿದರೆ ಮೂಗು ತೊಳೆದ ಹಾಗಾಗುತ್ತದೆ ಅನ್ನುತ್ತಾರೆ. ನಾವು ಕಾಫಿ ಸೀಮೆಯ ಪಕ್ಕದವರು, ನನಗಂತೂ ಅದರಿಂದ ಕಾಫಿ ಕುಡಿಯಬೇಕು ಅನ್ನಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಬಾಗಿಲ ಹೊರಗೆ ಬಂದು ಎರಡು ನಿಮಿಷ ಗಾಳಿ ತಗೊಂಡರೆ ಸಾಕು.

ಎಲ್ಲಿ ಹಾಕಬೇಕು? ಎಷ್ಟು?

ಕಿವಿಯ ಹಿಂದೆ, ಮಣಿಕಟ್ಟು, ಮೊಣಕೈ ಒಳಮಡಿಕೆ, ಜಡೆ ಎತ್ತಿದಾಗ ಕಾಣುವ ಕತ್ತಿನ ಹಿಂಭಾಗ. ಒಟ್ಟು ಎರಡು ಒತ್ತು. ವೆನಿಲ್ಲಾದ ವಿಷಯದಲ್ಲಿ ಮೂರನೆಯದು ಯಾವಾಗಲೂ ಜಾಸ್ತಿ. ಹಚ್ಚಿಕೊಂಡು ಮಣಿಕಟ್ಟು ತಿಕ್ಕಬೇಡಿ, ತಿಕ್ಕಿದ ಬಿಸಿಗೆ ಮೇಲಿನ ಪದರ ಬೇಗ ಹಾರಿಹೋಗುತ್ತದೆ.

ಒಣ ಚರ್ಮದಲ್ಲಿ ಪರಿಮಳ ನಿಲ್ಲುವುದಿಲ್ಲ. ಧನುರ್ಮಾಸದ ಚಳಿಗೆ ಮೈ ಬಿರಿಯುವಾಗ ಮೊದಲು ವಾಸನೆ ಇಲ್ಲದ ಕ್ರೀಮ್ ಹಚ್ಚಿ, ಆಮೇಲೆ ಪರ್ಫ್ಯೂಮ್. ಕೊಬ್ಬರಿ ಎಣ್ಣೆ ಹಚ್ಚಬಹುದಾ ಅಂತ ಕೇಳುತ್ತಾರೆ. ಹಚ್ಚಬಹುದು, ಆದರೆ ಗಾಣದ ಎಣ್ಣೆಯ ಜೊತೆ ಸೇರಿದರೆ ನೀವು ಕೊಬ್ಬರಿ ಮಿಠಾಯಿಯ ಹಾಗೆ ಘಮಘಮಿಸುತ್ತೀರಿ. ಕೆಲವರಿಗೆ ಅದೇ ಇಷ್ಟ.

ನಮ್ಮ ಮಳೆಗಾಲಕ್ಕೆ ಇದು ಹೊಂದುತ್ತದಾ?

ನನ್ನ ಪ್ರಕಾರ ವೆನಿಲ್ಲಾ ಇರುವುದೇ ಮಳೆಗಾಲಕ್ಕೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆ ಮಳೆಯನ್ನು ನೋಡಿದವರಿಗೆ ಆ ಚಳಿ, ತೇವ ಗೊತ್ತು. ಜೂನ್‌ನಿಂದ ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಬಟ್ಟೆಗೆ ಹೊಗೆ ವಾಸನೆ ಹಿಡಿದಿರುತ್ತದೆ. ನಿಂಬೆ-ಹೂವಿನ ತೆಳು ಪರ್ಫ್ಯೂಮ್ ಆ ಹೊಗೆಯ ಜೊತೆ ಜಗಳ ಆಡುತ್ತದೆ. ವೆನಿಲ್ಲಾ ಹಾಗಲ್ಲ, ಹೊಗೆಯನ್ನು ತನ್ನೊಳಗೇ ಸೇರಿಸಿಕೊಳ್ಳುತ್ತದೆ. ಹೊರದೇಶದಲ್ಲಿ "ಸ್ಮೋಕಿ ವೆನಿಲ್ಲಾ" ಅಂತ ದುಬಾರಿ ದುಡ್ಡಿಗೆ ಮಾರುವುದನ್ನು ನಾವು ಬಚ್ಚಲುಮನೆಯಲ್ಲಿ ಪುಕ್ಕಟೆ ಮಾಡಿಕೊಳ್ಳುತ್ತೇವೆ.

ಒಂದೇ ಎಚ್ಚರಿಕೆ. ಮುಗ್ಗಲು ವಾಸನೆ ಬರುವ ಬಟ್ಟೆಯ ಮೇಲೆ ಹೊಡೆಯಬೇಡಿ. ಮುಗ್ಗಲು ಮುಚ್ಚುವುದಿಲ್ಲ, ಸಿಹಿ ಮುಗ್ಗಲಾಗುತ್ತದೆ. ಅದು ಇನ್ನೂ ಕೆಟ್ಟದ್ದು.

ಬೇಸಿಗೆಯ ಮಾತೇ ಬೇರೆ. ಏಪ್ರಿಲ್‌ನಲ್ಲಿ ಶಿವಮೊಗ್ಗದ ಬಿಸಿಲಿಗೆ ಸಿಹಿ ವೆನಿಲ್ಲಾ ಉಕ್ಕುತ್ತದೆ. ಒಮ್ಮೆ ತೀರ್ಥಹಳ್ಳಿ ಬಸ್ಸಿನಲ್ಲಿ, ಮಧ್ಯಾಹ್ನ, ನಿಂತುಕೊಳ್ಳಲೂ ಜಾಗ ಇಲ್ಲದ ಕಡೆ, ನಾಲ್ಕು ಒತ್ತು ಹಾಕಿಕೊಂಡು ಹತ್ತಿದ್ದೆ. ಮಂಡಗದ್ದೆ ದಾಟುವಷ್ಟರಲ್ಲಿ ಪಕ್ಕದ ಅಜ್ಜಿ ಸೆರಗು ಮೂಗಿಗೆ ಹಿಡಿದು, "ಕಿಟಕಿ ತೆಗಿ ಮಗಾ" ಅಂದರು. ಅವತ್ತಿನಿಂದ ಬೇಸಿಗೆಯ ಹಗಲಲ್ಲಿ ಒಂದೇ ಒತ್ತು, ಅದೂ ಮನೆ ಬಿಡುವ ಅರ್ಧ ಗಂಟೆ ಮುಂಚೆ.

ಬಾಟಲಿ ಮೇಲಿನ ಓ ದ ಪರ್ಫ್ಯೂಮ್, ಓ ದ ತ್ವಾಲೆಟ್ ಅಂದರೆ ಏನು?

ಪರಿಮಳದ ಎಣ್ಣೆ ಎಷ್ಟಿದೆ ಅನ್ನುವ ಲೆಕ್ಕ. ಓ ದ ಪರ್ಫ್ಯೂಮ್‌ನಲ್ಲಿ ನೂರಕ್ಕೆ ಸುಮಾರು 15ರಿಂದ 20, ಓ ದ ತ್ವಾಲೆಟ್‌ನಲ್ಲಿ 5ರಿಂದ 15. ಮಿಕ್ಕಿದ್ದು ಬಹುತೇಕ ಆಲ್ಕೋಹಾಲ್. ತುಂಬ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ, ಓದಿ ಕೊಳ್ಳಿ.

ಮಲ್ಲಿಗೆ ಮುಡಿದ ದಿನ ಪರ್ಫ್ಯೂಮ್ ಹಾಕಬಹುದಾ?

ತಲೆ ತುಂಬ ಮಲ್ಲಿಗೆ ಇದ್ದ ದಿನ ನಾನು ಹಾಕುವುದಿಲ್ಲ. ಎರಡೂ ತಾನೇ ಯಜಮಾನಿ ಅನ್ನುವಂಥವು. ಹಾಕಲೇಬೇಕು ಅಂದರೆ ಮಣಿಕಟ್ಟಿಗೆ ಒಂದು ಒತ್ತು, ಕತ್ತಿನ ಹತ್ತಿರ ಬೇಡ.

ಸುರಗಿ ಮಾತ್ರ ಬೇರೆ. ಒಣಗಿದರೂ ಪರಿಮಳ ಬಿಡದ ಹೂವು ಅದು, ಬೆಚ್ಚಗಿನ ಜೇನಿನ ಹಾಗೆ. ಸುರಗಿ ದಂಡೆ ಇಟ್ಟ ಪೆಟ್ಟಿಗೆಯ ಸೀರೆ ಉಟ್ಟು ಒಂದು ಚೂರು ವೆನಿಲ್ಲಾ ಹಾಕಿಕೊಂಡರೆ ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಗಂಧದ ಜೊತೆಯೂ ಹಾಗೇ. 1944ರಿಂದ ಗಂಧದೆಣ್ಣೆ ಕಾರ್ಖಾನೆ ಇದ್ದ ಊರಿನವರು ನಾವು, ಗಂಧದ ವಿಷಯ ನಮಗೆ ಹೇಳಿಕೊಡಬೇಕಾಗಿಲ್ಲ. ಗಂಧದ ಸೋಪಿನಲ್ಲಿ ಸ್ನಾನ ಮಾಡಿ ಮೇಲೆ ವೆನಿಲ್ಲಾ ಹಾಕಿ ನೋಡಿ. ಸಿಹಿ ಅರ್ಧ ಇಳಿದು ಕೆನೆಯ ಹಾಗಾಗುತ್ತದೆ.

ರೇಷ್ಮೆ ಸೀರೆ ಮೇಲೆ ಹೊಡೆದರೆ ಕಲೆ ಆಗುತ್ತದಾ?

ಆಗಬಹುದು, ಅದರಲ್ಲೂ ವೆನಿಲ್ಲಾದ್ದು. ವೆನಿಲ್ಲಿನ್ ಗಾಳಿ-ಬೆಳಕಿಗೆ ನಿಧಾನವಾಗಿ ಕಂದಾಗುವ ಗುಣದ್ದು. ಬಾಟಲಿಯೊಳಗೂ ವರ್ಷ ಕಳೆದಂತೆ ಟೀ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ಹಾಳಾಗಿದೆ ಅಂತ ಎಸೆಯಬೇಡಿ. ಆದರೆ ಕೆನೆ ಬಣ್ಣದ ಸೀರೆ, ಬಿಳಿ ಪಂಚೆ, ಜರಿ, ಮುತ್ತಿನ ಸರ ಇವುಗಳಿಂದ ದೂರ ಇಡಿ. ಮೈಗೆ ಹಾಕಿ, ಒಣಗಿದ ಮೇಲೆ ಸೀರೆ ಉಡಿ. ಬಟ್ಟೆಗೇ ಬೇಕು ಅಂದರೆ ಒಳಲಂಗದ ಅಂಚಿಗೆ ಹಾಕಿ. ನಡೆದಾಗ ತಾನಾಗಿ ಮೇಲೆ ಬರುತ್ತದೆ.

ಇನ್ನೊಂದು: ಇದು ಆಲ್ಕೋಹಾಲ್. ಒಲೆಯ ಮುಂದೆ, ದೇವರ ದೀಪದ ಹತ್ತಿರ ನಿಂತು ಸ್ಪ್ರೇ ಮಾಡಬೇಡಿ.

ಪೂಜೆ, ಮಡಿಗೆ ನಡೆಯುತ್ತದಾ?

ಆಲ್ಕೋಹಾಲ್ ಇರುವುದರಿಂದ ಕೆಲವು ಮನೆಗಳಲ್ಲಿ ಒಪ್ಪುವುದಿಲ್ಲ. ಆ ದಿನಕ್ಕೆ ಎಣ್ಣೆಯಲ್ಲಿ ಮಾಡಿದ ಅತ್ತರು ಇಟ್ಟುಕೊಳ್ಳಿ, ವೆನಿಲ್ಲಾದ್ದೂ ಸಿಗುತ್ತದೆ. ಕಡ್ಡಿಯಿಂದ ಒಂದು ಗೆರೆ ಎಳೆದರೆ ಸಾಕು. "ವೆನಿಲ್ಲಾದಲ್ಲಿ ಬೀವರ್ ಅನ್ನುವ ಪ್ರಾಣಿಯ ಅಂಶ ಇರುತ್ತದಂತೆ" ಅಂತ ವಾಟ್ಸಾಪಿನಲ್ಲಿ ಬರುತ್ತದೆ. ಹಿಂದೆ ಕೆಲವು ಪರ್ಫ್ಯೂಮುಗಳಲ್ಲಿ ಅದನ್ನು ಬಳಸಿದ್ದು ನಿಜ, ಈಗ ತೀರಾ ಅಪರೂಪ. ಅಂಗಡಿಯ ವೆನಿಲ್ಲಾ ಎಸೆನ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ಅಡುಗೆಮನೆಯ ವೆನಿಲ್ಲಾ ಎಸೆನ್ಸನ್ನೇ ಹಚ್ಚಿಕೊಂಡರೆ ಆಗದಾ?

ಕಾಲೇಜಿನಲ್ಲಿದ್ದಾಗ ನಾನೂ ಹಚ್ಚಿಕೊಂಡಿದ್ದೆ. ಅರ್ಧ ಗಂಟೆ ಕೇಕು, ಆಮೇಲೆ ಅಂಟಂಟು, ಬಿಳಿ ಚೂಡಿದಾರದ ತೋಳಿಗೆ ಕಂದು ಕಲೆ. ಬೇಡ.

ಹಾಕಿಕೊಂಡರೆ ತಲೆನೋವು ಬರುತ್ತದೆ.

ತುಂಬ ಸಲ ತಪ್ಪು ವೆನಿಲ್ಲಾದ್ದಲ್ಲ, ಜೊತೆಗಿರುವ ಈಥೈಲ್ ಮಾಲ್ಟಾಲ್‌ನದ್ದು ಇರಬಹುದು. ಜಾತ್ರೆಯ ಬಾಂಬೆ ಮಿಠಾಯಿಯ ವಾಸನೆ ಕೊಡುವ ಅಂಶ ಅದು. 1992ರ 'ಏಂಜಲ್' ಅನ್ನುವ ಪರ್ಫ್ಯೂಮ್ ಗೆದ್ದ ಮೇಲೆ ಸಿಹಿ ಪರ್ಫ್ಯೂಮುಗಳಲ್ಲೆಲ್ಲ ಅದು ಬಂತು. ಮರ, ಗಂಧ, ಮಸಾಲೆ ಜೊತೆಗಿರುವ ಒಣ ವೆನಿಲ್ಲಾ ಪ್ರಯತ್ನಿಸಿ. ಆಗಲೂ ನೋವು ಬಂದರೆ ಬಿಟ್ಟುಬಿಡಿ. ಬಸುರಿಯರಿಗೆ ಮೊದಲ ತಿಂಗಳುಗಳಲ್ಲಿ ಇಷ್ಟದ ಪರಿಮಳವೂ ವಾಕರಿಕೆ ತರಬಹುದು. ಬಾಣಂತಿಯರು, ಕೂಸನ್ನು ಎತ್ತಿಕೊಳ್ಳುವವರು ಹಾಕದಿರುವುದೇ ಒಳ್ಳೆಯದು. ಮನೆಯಲ್ಲಿ ಉಬ್ಬಸ ಇರುವವರಿದ್ದರೂ ಹಾಗೇ. ಚರ್ಮ ಸೂಕ್ಷ್ಮ ಇದ್ದರೆ ಮೊಣಕೈ ಒಳಗೆ ಒಂದು ಹನಿ ಹಾಕಿ ಒಂದು ದಿನ ಕಾಯಿರಿ.

ಸ್ವಲ್ಪ ಹೊತ್ತಿಗೆ ನನಗೇ ವಾಸನೆ ಬರುವುದಿಲ್ಲ.

ಅಡಿಕೆ ಬೇಯಿಸುವ ಮನೆಯವರಿಗೆ ಚೊಗರಿನ ವಾಸನೆ ಗೊತ್ತಾಗುತ್ತದಾ? ಹೊರಗಿನಿಂದ ಬಂದವರಿಗೆ ಗೊತ್ತಾಗುತ್ತದೆ. ಮೂಗು ಪಳಗಿಬಿಡುತ್ತದೆ, ಅಷ್ಟೇ. ಇನ್ನೊಂದು ಒತ್ತು ಹಾಕುವ ಮುಂಚೆ ಪಕ್ಕದವರನ್ನು ಕೇಳಿ.

ಮೂಸಿ ನೋಡಲೇಬೇಕಾದವು ಯಾವುವು?

ಕೊಳ್ಳಲೇಬೇಕು ಅಂತಿಲ್ಲ, ಬೆಂಗಳೂರಿಗೆ ಹೋದಾಗ ಮಾಲ್‌ಗಳಲ್ಲಿ ಸುಮ್ನೆ ಮೂಸಿ ಬನ್ನಿ. 'ಶಾಲಿಮಾರ್' ಮೊದಲು: ನಿಂಬೆಯಿಂದ ಶುರುವಾಗಿ ಹೊಗೆ-ವೆನಿಲ್ಲಾಕ್ಕೆ ಇಳಿಯುವುದು. ಮೊದಲ ಐದು ನಿಮಿಷ ಇಷ್ಟವಾಗದೆ ಇರಬಹುದು, ತಾಳಿ. ಡಿಯೋರ್‌ನ 'ಹಿಪ್ನಾಟಿಕ್ ಪಾಯ್ಸನ್' 1998ರದ್ದು, ಬಾದಾಮಿ ಹಾಲಿನ ಹಾಗೆ. 2014ರ 'ಬ್ಲ್ಯಾಕ್ ಓಪಿಯಂ'ನಲ್ಲಿ ಕಾಫಿ-ವೆನಿಲ್ಲಾ ಜೋಡಿ. ನನಗೆ ಅದರ ಕಾಫಿ ಸ್ವಲ್ಪ ಸಕ್ಕರೆ ಜಾಸ್ತಿಯಾದ ಕಾಫಿ ಅನ್ನಿಸಿತು, ನನ್ನ ತಂಗಿಗೆ ಪ್ರಾಣ. ಇವೆಲ್ಲ ದುಬಾರಿ. ಚಿಕ್ಕ ಸ್ಯಾಂಪಲ್ ಶೀಶೆ ತರಿಸಿ ಒಂದು ವಾರ ಬಳಸಿ ನೋಡಿ. ಫುಟ್‌ಪಾತಿನಲ್ಲಿ ಮುನ್ನೂರು ರೂಪಾಯಿಗೆ ಅದೇ ಹೆಸರು ಸಿಕ್ಕಿದರೆ ಅದು ಅದಲ್ಲ. ಅದಕ್ಕಿಂತ ಅದೇ ದುಡ್ಡಿಗೆ ನಮ್ಮ ದೇಶದ್ದೇ ಒಂದು ಸಾದಾ ವೆನಿಲ್ಲಾ ಬಾಡಿ ಮಿಸ್ಟ್ ತಗೊಳ್ಳಿ.

ಇದು ಹುಡುಗಿಯರಿಗೆ ಅಲ್ವಾ? ನನಗೆ ಐವತ್ತಾಯಿತು.

ಅಮ್ಮನಿಗೆ ಎಪ್ಪತ್ತರ ಹತ್ತಿರ. ಎಷ್ಟೋ ಬೆಳಿಗ್ಗೆ ಹೂವಿಗೆ ಕಡ್ಡಿ ತಾಗಿಸಿದವಳು. ಹೋದ ಮಳೆಗಾಲ ಊರಿಗೆ ಹೋದಾಗ ಅವಳ ಮಣಿಕಟ್ಟಿಗೆ ಶಾಲಿಮಾರ್ ಒಂದು ಒತ್ತು ಹಾಕಿದೆ. "ಥೂ, ಸೆಂಟು" ಅಂದಳು. ಸಂಜೆ ಕಾಫಿ ಲೋಟ ಬಾಯಿಗೆ ತಂದವಳು ಹಾಗೇ ನಿಂತು ಕೈ ಮೂಸಿ, "ಸಾಂಬ್ರಾಣಿ ತರ ಇದ್ಯಲ್ಲೇ" ಅಂದಳು. ಇದೇ ನಮ್ಮ ವೆನಿಲ್ಲಾ ಅಮ್ಮ ಅಂದೆ. ನಂಬಲಿಲ್ಲ. ಮಾರನೇ ದಿನ ದೇವಸ್ಥಾನಕ್ಕೆ ಹೊರಟಾಗ ಕೈ ಮುಂದೆ ಚಾಚಿದಳು.

ಇದನ್ನು ಹಾಕಿಕೊಂಡರೆ ಉಂಬಳ (ಜಿಗಣೆ) ಹತ್ತದೆ ಇರುತ್ತದಾ?

ಇಲ್ಲ. ಅದಕ್ಕೆ ಸುಣ್ಣ-ಹೊಗೆಸೊಪ್ಪೇ ಸರಿ. ನಗಬೇಡಿ, ಈ ಪ್ರಶ್ನೆ ಮೂರು ಸಲ ಬಂದಿದೆ.

ಬಾಟಲಿ ಎಲ್ಲಿಡಬೇಕು?

ಬಿಸಿಲು ಬೀಳುವ ಕಿಟಕಿಯಲ್ಲಿ ಬೇಡ, ಬಚ್ಚಲುಮನೆಯಲ್ಲೂ ಬೇಡ. ಡಬ್ಬಿ ಸಮೇತ ಕಪಾಟಿನ ಒಳಗೆ, ಕತ್ತಲಲ್ಲಿ. ಹಾಗಿಟ್ಟರೆ ವೆನಿಲ್ಲಾದ್ದು ವರ್ಷಗಟ್ಟಲೆ ಇರುತ್ತದೆ. ಮಳೆಗಾಲದಲ್ಲಿ ಡಬ್ಬಿಗೆ ಬೂಷ್ಟು ಹಿಡಿಯಬಹುದು, ಒಣಬಟ್ಟೆಯಲ್ಲಿ ಒರೆಸಿ ಮತ್ತೆ ಒಳಗಿಡಿ. ಒಳಗಿರುವುದಕ್ಕೆ ಏನೂ ಆಗಿರುವುದಿಲ್ಲ.